ಪಹಣಿ ಯಾರ ಹೆಸರಲ್ಲಿದೆ ಅಂತ ಕೇಳಿದ ಕಂಪ್ಯೂಟರ್ ಅಂಗಡಿ

ಸ್ಟಾರ್ ಎಷ್ಟು ಅಂತ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ಒಂದು ಸ್ಟಾರ್ ಮೆಟ್ಟಿಲಿಗೆ ಕಳೆದೆ. ಮಂಡಿನೋವಿನವರು ಆ ಮೆಟ್ಟಿಲು ಹತ್ತಿ ಮೇಲೆ ಮುಟ್ಟುವಷ್ಟರಲ್ಲಿ ಕಂಪ್ಯೂಟರ್‌ಗೆ ಏನಾಗಿತ್ತು ಅನ್ನುವುದೇ ಮರೆತುಹೋಗುತ್ತದೆ.

ಅಂಗಡಿ ದಾವಣಗೆರೆಯಲ್ಲಿದೆ. ಮಂಡಿಪೇಟೆಯಿಂದ ನಡೆದೇ ಹೋಗಬಹುದಾದ ಒಂದು ಅಡ್ಡರಸ್ತೆ. ಕೆಳಗೆ ಸ್ಟೀಲ್ ಪಾತ್ರೆ ಅಂಗಡಿ, ಮೇಲೆ ಒಂದೇ ಒಂದು ಕೋಣೆ. ಬೋರ್ಡಿನ ಮೇಲೆ ಇನ್ನೂ ಹಿಂದೆ ಅಲ್ಲಿದ್ದ ಟೈಪಿಂಗ್ ಶಾಲೆಯ ಹೆಸರೇ ಇದೆ, ಅದೂ ಅರ್ಧ ಅಳಿಸಿದೆ. ಅಂಗಡಿಯ ಹೆಸರು ಬರೆಯಲಾ ಅಂತ ಕೇಳಿದೆ. “ಬ್ಯಾಡ್ರಿ ಮೇಡಂ, ಇರೋನು ನಾನೊಬ್ನೇ. ಜನ ಜಾಸ್ತಿ ಬಂದ್ರೆ ಕೆಲಸ ಕೆಡ್ತದೆ” ಅಂದರು. ಹಾಗಾಗಿ ಇದು ಹೆಸರಿಲ್ಲದ ಅಂಗಡಿಯ ವಿಮರ್ಶೆ. ಸ್ಟೀಲ್ ಪಾತ್ರೆ ಸಾಲಿನಲ್ಲಿ ಟೈಪಿಂಗ್ ಬೋರ್ಡ್ ಹುಡುಕಿದರೆ ಸಿಗುತ್ತದೆ.

ನಾನು ಪಿ.ಜೆ. ಬಡಾವಣೆಯಲ್ಲಿ ತೆರಿಗೆ ಲೆಕ್ಕದ ಸಣ್ಣ ಆಫೀಸು ನಡೆಸುತ್ತೇನೆ. ಬಟ್ಟೆ ಅಂಗಡಿಗಳು, ಎರಡು ಹಾರ್ಡ್‌ವೇರ್, ಚನ್ನಗಿರಿ ಕಡೆಯ ಒಂದಿಷ್ಟು ಅಡಿಕೆ ವ್ಯಾಪಾರಿಗಳು. ನನ್ನ ತಿಂಗಳು ನಿಮ್ಮ ತಿಂಗಳಿನ ಹಾಗಲ್ಲ. 11ನೇ ತಾರೀಖು ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ಲೆಕ್ಕ. 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಬರುತ್ತದೆ. ಅಂದರೆ ನಮ್ಮ ವ್ಯಾಪಾರಿಗೆ ಮಾಲು ಕೊಟ್ಟವರು ತಾವು ತೋರಿಸಿರುವ ಬಿಲ್ಲುಗಳ ಪಟ್ಟಿ. 20ಕ್ಕೆ 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್. 14ರಿಂದ 20ರ ನಡುವೆ ಆ ಪಟ್ಟಿಗೂ ನಮ್ಮ ಖರೀದಿ ಪುಸ್ತಕಕ್ಕೂ ಒಂದೊಂದೇ ಬಿಲ್ ತಾಳೆ ಹಾಕಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಕಟ್ಟಬೇಕಾದ ತೆರಿಗೆ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ಈ ಆರು ದಿನ ನನ್ನ ಜೊತೆ ಯಾರೂ ಮದುವೆ, ಗೃಹಪ್ರವೇಶ ಅಂತ ಮಾತಾಡುವುದಿಲ್ಲ. ಅಷ್ಟು ವರ್ಷದಿಂದ ನೆಂಟರೂ ಕಲಿತಿದ್ದಾರೆ.

ಕಳೆದ ನವೆಂಬರ್‌ನಲ್ಲಿ ಈ ಆರು ದಿನದ ಮಧ್ಯಕ್ಕೇ ಸಿಂಕ್ ನಿಂತಿತು. ಅಂದರೆ ಒಬ್ಬರ ಕಂಪ್ಯೂಟರ್‌ನಲ್ಲಿ ಬರೆದದ್ದು ಇನ್ನೊಬ್ಬರದರಲ್ಲಿ ತಾನಾಗಿ ಕಾಣುವುದು ನಿಂತಿತು.

ನಮ್ಮ ಲೆಕ್ಕವೆಲ್ಲ ಗೂಗಲ್ ಡ್ರೈವ್‌ನ ಒಂದು ಹಂಚಿದ ಫೋಲ್ಡರ್‌ನಲ್ಲಿದೆ. 2020ರ ಲಾಕ್‌ಡೌನ್‌ನಲ್ಲಿ ಶುರುವಾದದ್ದು. ಆಗ ನನ್ನ ಹತ್ತಿರ ಜಗಳೂರು ಕಡೆಯ ಒಬ್ಬ ಹುಡುಗ ಕೆಲಸಕ್ಕಿದ್ದ. ಚುರುಕು. “ಮೇಡಂ, ನೀವು ಮನೇಲಿ ಕೂತು ನೋಡಿ, ನಾನು ಊರಿಂದ ಬರೀತೀನಿ” ಅಂತ ಒಂದೇ ರಾತ್ರಿಯಲ್ಲಿ ಫೋಲ್ಡರ್ ಮಾಡಿ, ಲಿಂಕನ್ನು ವಾಟ್ಸಾಪ್‌ಗೆ ಹಾಕಿದ್ದ. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ. ಅವನ ಜಾಗಕ್ಕೆ ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ ಬಂದಳು. ಅವಳಿಗೂ ಅದೇ ಲಿಂಕ್ ಕಳಿಸಿದೆ. ಅವಳು ತನ್ನ ಲ್ಯಾಪ್‌ಟಾಪ್‌ಗೆ ಡ್ರೈವ್ ಹಾಕಿಕೊಂಡು, ಆ ಫೋಲ್ಡರ್‌ನ ಶಾರ್ಟ್‌ಕಟ್ ಇಟ್ಟುಕೊಂಡು ಕೆಲಸ ಶುರು ಮಾಡಿದಳು. ಯಾರಿಗೆ ಯಾವ ಹಕ್ಕಿದೆ ಅಂತ ನಾನು ಒಂದು ದಿನವೂ ನೋಡಿರಲಿಲ್ಲ. ಫ್ಯಾನ್ ತಿರುಗುತ್ತಿದ್ದರೆ ಮೇನ್ ಬೋರ್ಡ್ ತೆಗೆದು ಯಾರು ನೋಡುತ್ತಾರೆ?

17ನೇ ತಾರೀಖು ಮಧ್ಯಾಹ್ನ ಒಂದು ಬಟ್ಟೆ ಅಂಗಡಿಯ ಶೀಟ್ ತೆಗೆದೆ. ಅದು 13ರಲ್ಲೇ ನಿಂತಿತ್ತು. “ಏನಮ್ಮಾ, ಮೂರು ದಿನದಿಂದ ಏನು ಮಾಡ್ತಿದ್ದೀಯ?” ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಅವಳು ತನ್ನ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಅಲ್ಲಿ ಹನ್ನೊಂದು ಅಂಗಡಿಯದು ತಾಳೆಯಾಗಿ ಕೂತಿತ್ತು. ಅವಳ ಸ್ಕ್ರೀನಿನಲ್ಲಿ ಇದೆ, ನನ್ನ ಸ್ಕ್ರೀನಿನಲ್ಲಿ ಇಲ್ಲ. ಕೆಳಗೆ ಮೂಲೆಯಲ್ಲಿ ಡ್ರೈವ್‌ನ ಗುರುತು ಮಾತ್ರ ಇಬ್ಬರಲ್ಲೂ ಸರಿ ಇತ್ತು. ಕೆಂಪಿಲ್ಲ, ತಪ್ಪು ಅನ್ನುವ ಮೆಸೇಜ್ ಇಲ್ಲ.

ಮೊದಲು ಕರೆಸಿದ್ದು ಬೇರೆ ಒಬ್ಬರನ್ನು. ಅವರ ಹೆಸರಾಗಲಿ ಅಂಗಡಿಯಾಗಲಿ ಇಲ್ಲಿ ಬೇಡ. ಬಂದವರು ಇಂಟರ್‌ನೆಟ್ ಸ್ಪೀಡ್ ಅಳೆದರು, ರೌಟರ್ ವಯರ್ ಬದಲಿಸಿದರು. ಆಮೇಲೆ “ವೈರಸ್ ಇರಬಹುದು, ಫಾರ್ಮ್ಯಾಟ್ ಮಾಡಿದ್ರೆ ಹೊಸದರ ಹಾಗೆ ಆಗುತ್ತೆ” ಅಂದರು. ಪಾಸ್‌ವರ್ಡ್ ಕೇಳಿ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಅದನ್ನು ನೋಡಿದಾಗಲೇ ನನಗೆ ಎಚ್ಚರ ಆಗಬೇಕಿತ್ತು, ಆಗಲಿಲ್ಲ. “ಮುಖ್ಯವಾದ್ದೆಲ್ಲ ಎಲ್ಲೈತೆ?” ಅಂತ ಹುಡುಗಿಯನ್ನು ಕೇಳಿದರು. “ಎಲ್ಲಾ ಡ್ರೈವಲ್ಲಿದೆ ಸರ್” ಅಂದಳು. ಡ್ರೈವ್ ಪೂರ್ತಿ ಪೆನ್‌ಡ್ರೈವ್‌ಗೆ ಎಳೆದು “ಬ್ಯಾಕಪ್ ಆಯ್ತು” ಅಂದರು. 18ರ ಸಂಜೆ ಲ್ಯಾಪ್‌ಟಾಪ್ ನಿಜಕ್ಕೂ ಹೊಸದರ ಹಾಗೆ ಬಂತು. ಒಂದು ಸಾವಿರದ ಇನ್ನೂರು ರೂಪಾಯಿ.

ಸಿಂಕ್ ಆಗಲಿಲ್ಲ. ಹುಡುಗಿ ಮಾಡಿದ್ದ ತಾಳೆಯೂ ಹೋಗಿತ್ತು. ಅವಳು ಅದನ್ನೆಲ್ಲ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದಳು. ಯಾಕೆ ಅಲ್ಲಿ ಇಟ್ಟಿದ್ದಳು ಅನ್ನುವುದೇ ಇಡೀ ಕಥೆ. ಅದು ನನಗೆ ಮರುದಿನ ಗೊತ್ತಾಯಿತು.

19ರ ಬೆಳಗ್ಗೆ ಎದುರು ಮನೆಯ ಮೇಷ್ಟ್ರು ಈ ಟೈಪಿಂಗ್ ಬೋರ್ಡಿನ ಅಂಗಡಿ ಹೇಳಿದರು. ಹತ್ತು ಗಂಟೆಗೆ ಹೋದರೆ ಬಾಗಿಲು ಹಾಕಿತ್ತು. 11ಕ್ಕೆ ತೆಗೆಯುತ್ತಾರಂತೆ. ಕೆಳಗಿನ ಪಾತ್ರೆ ಅಂಗಡಿಯವರು ಸ್ಟೂಲ್ ಕೊಟ್ಟರು. ದಾವಣಗೆರೆಯಲ್ಲಿ ಒಂದು ಗಂಟೆ ಕಾಯಬೇಕಾದರೆ ಬೆಣ್ಣೆ ದೋಸೆ ತಿನ್ನಬೇಕು ಅಂತ ಹೊರಗಿನವರು ಅಂದುಕೊಂಡಿದ್ದಾರೆ. 3ಬಿಗೆ ಒಂದೇ ದಿನ ಬಾಕಿ ಇರುವಾಗ ಬೆಣ್ಣೆಯೂ ಗಂಟಲಲ್ಲಿ ಇಳಿಯುವುದಿಲ್ಲ.

ಅಂಗಡಿಯವರಿಗೆ ಮೂವತ್ತೈದು ವಯಸ್ಸಿರಬಹುದು. ನಾನು ಲ್ಯಾಪ್‌ಟಾಪ್ ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಮೊದಲು ಮಾತು ಕೇಳಿದರು. ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದ್ದು ನನ್ನನ್ನಲ್ಲ, ಹುಡುಗಿಯನ್ನು. “ಸೇವ್ ಮಾಡುವಾಗ ಅದು ಏನಾದ್ರೂ ಕೇಳ್ತಿತ್ತಾ?”

ಹುಡುಗಿ ತಲೆ ತಗ್ಗಿಸಿ ಹೇಳಿದಳು. ಕೇಳುತ್ತಿತ್ತಂತೆ. 14ರಿಂದ ಎಕ್ಸೆಲ್ ತೆಗೆದಾಗೆಲ್ಲ ಮೇಲೆ ‘ರೀಡ್ ಓನ್ಲಿ’ ಅಂತ ಬರುತ್ತಿತ್ತು. ಸೇವ್ ಒತ್ತಿದರೆ ಬೇರೆ ಹೆಸರಲ್ಲಿ ಕಾಪಿ ಮಾಡಿಕೋ ಅನ್ನುತ್ತಿತ್ತು. ಅವಳು ಡೆಸ್ಕ್‌ಟಾಪ್ ಮೇಲೆ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅಂತ ಇಡುತ್ತಾ ಹೋದಳು. ನನಗೆ ಯಾಕೆ ಹೇಳಲಿಲ್ಲ? “ನೀವು ಬೈತೀರ ಅಂತ” ಅಂದಳು. ಅದಕ್ಕೆ ನಾನು ಏನೂ ಅನ್ನಲಿಲ್ಲ.

“ಹಂಗಾದ್ರೆ ಸಿಂಕ್ ಕೆಟ್ಟೇ ಇರಲಿಲ್ಲ ಬಿಡ್ರಿ” ಅಂದರು ಅಂಗಡಿಯವರು. “ಕಳ್ಸೋಕೆ ಅದರ ಕೈಗೆ ಏನಾದ್ರೂ ಕೊಟ್ರೆ ತಾನೇ ಕಳಿಸೋದು? ಇವರು ಬರ್ದಿದ್ದು ಡ್ರೈವ್ ಒಳಗೆ ಹೋಗೇ ಇಲ್ಲ. ಅದಕ್ಕೇ ಅದು ಎಲ್ಲಾ ಸರಿ ಐತೆ ಅಂತ ತೋರಿಸ್ಕೊಂಡು ಕೂತೈತೆ.”

ಎರಡು ದಿನ, ಒಂದು ಫಾರ್ಮ್ಯಾಟ್, ಒಂದು ಸಾವಿರದ ಇನ್ನೂರು ರೂಪಾಯಿ. ಇದನ್ನು ಇವರು ಒಂದು ಪ್ರಶ್ನೆಯಲ್ಲಿ ಹಿಡಿದರು.

ಆಮೇಲೆ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದು ಯಾರ ಆಫೀಸಿನಲ್ಲಾದರೂ ಆಗಬಹುದು. ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆಗೆದರು. “ನಿಮ್ಮ ಜಿಮೇಲ್ ಹಾಕಮ್ಮ” ಅಂತ ಹುಡುಗಿಗೆ ಹೇಳಿ, ಅವಳು ಪಾಸ್‌ವರ್ಡ್ ಒತ್ತುವಾಗ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ನಿಂತರು. ಮಾಮೂಲಿ ಕಿಟಕಿ ಯಾಕೆ ಬೇಡ ಅಂತ ಕೇಳಿದೆ. ಒಬ್ಬೊಬ್ಬರಿಗೆ ಎರಡು ಮೂರು ಜಿಮೇಲ್ ಇರುತ್ತದೆ. ಒಂದರಲ್ಲಿ ಹಕ್ಕಿರುತ್ತದೆ, ಬ್ರೌಸರ್ ಇನ್ನೊಂದರಲ್ಲಿ ತೆಗೆದಿರುತ್ತದೆ. ಇನ್‌ಕಾಗ್ನಿಟೋದಲ್ಲಿ ಈಗ ತಾನೇ ಹಾಕಿದ ಒಂದೇ ಖಾತೆ ಇರುವುದರಿಂದ ಗೊಂದಲ ಇಲ್ಲ. ಆ ಕಿಟಕಿಯಲ್ಲಿ ನಮ್ಮದೇ ಒಂದು ಶೀಟ್ ತೆಗೆದು ಟೈಪ್ ಮಾಡಲು ಹೇಳಿದರು. ಆಗಲಿಲ್ಲ. ಮೇಲೆ ‘ವ್ಯೂ ಓನ್ಲಿ’ ಅಂತ ಇತ್ತು.

“ಬ್ರೌಸರಲ್ಲಿ ಬರ್ಯೋಕಾಗಿ, ಲ್ಯಾಪ್‌ಟಾಪಿನ ಫೋಲ್ಡರಲ್ಲಿ ಆಗ್ಲಿಲ್ಲ ಅಂದ್ರೆ ಸಿಂಕ್ ತಕರಾರು. ಎರಡರಲ್ಲೂ ಆಗ್ಲಿಲ್ಲ ಅಂದ್ರೆ ಮಷಿನ್ ಮುಟ್ಟೋದೇ ಬ್ಯಾಡ. ಅದು ಹಕ್ಕಿನ ತಕರಾರು.”

ಇಲ್ಲಿ ಅವರು ನನ್ನನ್ನು ಕೇಳಿದರು: “ಮೇಡಂ, ಈ ಫೋಲ್ಡರ್‌ದು ಪಹಣಿ ಯಾರ ಹೆಸರಲ್ಲಿ ಐತ್ರಿ?”

ನನಗೆ ನಗು ಬಂತು. ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ನನ್ನ ಖಾತೆಯಲ್ಲಿ ಶೇರ್ ಅನ್ನುವುದನ್ನು ಒತ್ತಿಸಿ ಪಟ್ಟಿ ತೋರಿಸಿದರು. ಓನರ್: ಜಗಳೂರಿನ ಹಳೆ ಹುಡುಗ. ಎಡಿಟರ್: ನಾನು. ಹರಿಹರದ ಹುಡುಗಿಯ ಹೆಸರೇ ಇಲ್ಲ. ಕೆಳಗೆ ಒಂದು ಸಾಲು: ಲಿಂಕ್ ಇರುವ ಯಾರು ಬೇಕಾದರೂ, ವ್ಯೂವರ್.

ಓನರ್ ಅಂದರೆ ಪಹಣಿ ಇರುವವನು. ಎಡಿಟರ್ ಅಂದರೆ ಲಾವಣಿಗೆ ಹೊಲ ಮಾಡುವವನು. ಉಳಬಹುದು, ಬಿತ್ತಬಹುದು, ಮಾರುವ ಹಾಗಿಲ್ಲ. ವ್ಯೂವರ್ ಬದುವಿನ ಮೇಲೆ ನಿಂತು ನೋಡುವವನು. ಕಮೆಂಟರ್ ಬದುವಿನ ಮೇಲೇ ನಿಂತು ‘ಅಲ್ಲಿ ಕಳೆ ಐತೆ ನೋಡು’ ಅಂತ ಕೂಗುವವನು. ಲಿಂಕ್ ಹಿಡಿದು ಬಂದವರು ದಾರಿಹೋಕರು. ಬಾಗಿಲಿಗೆ ಏನು ಬರೆದಿದೆಯೋ ಅಷ್ಟೇ ಅವರಿಗೆ. ಇಷ್ಟು ವರ್ಷದಲ್ಲಿ ಕಂಪ್ಯೂಟರ್ ವಿಷಯವನ್ನು ನನಗೆ ಹೀಗೆ ಯಾರೂ ಹೇಳಿರಲಿಲ್ಲ. ನಮ್ಮಪ್ಪನ ಮೂರು ಎಕರೆಯ ವ್ಯಾಜ್ಯದಲ್ಲಿ ಹದಿನಾಲ್ಕು ವರ್ಷ ತಾಲೂಕು ಕಚೇರಿ ಮೆಟ್ಟಿಲು ಹತ್ತಿದವಳು ನಾನು. ಪಹಣಿ ಅಂದ ಕೂಡಲೇ ಅರ್ಥವಾಯಿತು.

ಹುಡುಗಿ ಇಷ್ಟು ದಿನ ದಾರಿಹೋಕಳಾಗಿ ಬಂದು ಕೆಲಸ ಮಾಡುತ್ತಿದ್ದಳು. ಬಾಗಿಲಿಗೆ ಮೊದಲು ‘ಎಡಿಟರ್’ ಅಂತ ಬರೆದಿತ್ತು, ಹಾಗಾಗಿ ನಡೆಯುತ್ತಿತ್ತು. ಅದನ್ನು ಯಾರೋ ‘ವ್ಯೂವರ್’ ಅಂತ ತಿದ್ದಿದ್ದಾರೆ. ಯಾರು?

ಹಳೆ ಹುಡುಗನ ಮೇಲೇ ನನ್ನ ಅನುಮಾನ. ಬಿಟ್ಟು ಹೋದವನಲ್ವಾ. ಅಂಗಡಿಯವರು ಫೋಲ್ಡರ್ ಆರಿಸಿ, ಪಕ್ಕದಲ್ಲಿ ಆಕ್ಟಿವಿಟಿ ಅನ್ನುವ ಪಟ್ಟಿ ತೆಗೆದರು. ಯಾವ ಫೈಲನ್ನು ಯಾರು ಸೇರಿಸಿದರು, ಯಾರು ಸರಿಸಿದರು, ಯಾರು ಹಂಚಿಕೆ ಬದಲಿಸಿದರು ಎಲ್ಲ ಅಲ್ಲಿ ಇರುತ್ತದೆ. ಬೆರಳಿಟ್ಟು ನಿಧಾನಕ್ಕೆ ಕೆಳಗೆ ಇಳಿಸಿದರು. ನವೆಂಬರ್ 13, ರಾತ್ರಿ. ಅವರು ಸುಮ್ಮನೆ ನನ್ನ ಮುಖ ನೋಡಿದರು.

ಅಲ್ಲಿ ಇದ್ದದ್ದು ನನ್ನ ಹೆಸರು.

ಆಗ ನೆನಪಾಯಿತು. ಆವತ್ತು ಟಿವಿಯಲ್ಲಿ ಆನ್‌ಲೈನ್ ಮೋಸದ ಬಗ್ಗೆ ಏನೋ ಬರುತ್ತಿತ್ತು. ವ್ಯಾಪಾರಿಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ನಮ್ಮ ಫೋಲ್ಡರ್‌ನಲ್ಲಿದೆ, ಲಿಂಕ್ ವಾಟ್ಸಾಪ್‌ನಲ್ಲಿ ತಿರುಗಿದೆ ಅಂತ ಭಯವಾಗಿ, ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಮೊಬೈಲ್‌ನಲ್ಲೇ ಎಡಿಟರ್ ಇದ್ದದ್ದನ್ನು ವ್ಯೂವರ್ ಮಾಡಿದ್ದೆ. ಮಾಡಿ, ಮಲಗಿ, ಮರೆತೂಬಿಟ್ಟೆ. ಬೆಳಗ್ಗೆ ಹುಡುಗಿಗೆ ಹೇಳಲೇ ಇಲ್ಲ. ಅವಳು ನನಗೆ ಹೇಳಲಿಲ್ಲ ಅಂತ ಬೈದದ್ದು ಬೇರೆ.

“ಭಯ ಸರಿಯಾಗೇ ಇತ್ತು, ಮಾಡಿದ್ದು ಅರ್ಧ ಆಯ್ತು” ಅಂದರು. ಅದು ಇನ್ನೂ ಕೆಟ್ಟದ್ದು. ವ್ಯೂವರ್ ಮಾಡಿದರೂ ಲಿಂಕ್ ಸಿಕ್ಕವರೆಲ್ಲ ನೋಡಬಹುದಿತ್ತಲ್ಲ. ಅಂದರೆ ನಾನು ಕಳ್ಳನನ್ನು ಒಳಗೆ ಬಿಟ್ಟು, ಕೆಲಸದವಳನ್ನು ಹೊರಗೆ ನಿಲ್ಲಿಸಿದ್ದೆ.

ಇನ್ನೊಂದು ವಿಷಯ ಆಗಲೇ ಹೊರಬಂತು. ಹುಡುಗಿ ಸುಮ್ನೆ ಕೂತಿರಲಿಲ್ಲ. ಶೀಟ್ ಮೇಲೆ ‘ತಿದ್ದಲು ಅನುಮತಿ ಕೇಳಿ’ ಅನ್ನುವ ಗುಂಡಿಯನ್ನು ದಿನಾ ಒತ್ತಿದ್ದಾಳೆ. ಆ ಕೋರಿಕೆ ನನಗೆ ಬಂದೇ ಇರಲಿಲ್ಲ. ಪಹಣಿದಾರನಿಗೆ ಹೋಗಿದೆ! ಬೆಂಗಳೂರಿನಲ್ಲಿರುವ ಹುಡುಗ, ಅವನು ಆ ಜಿಮೇಲ್ ನೋಡುವುದನ್ನೇ ಬಿಟ್ಟಿದ್ದಾನೆ. ಆಮೇಲೆ ಅವನು ತೆಗೆದು ನೋಡಿದಾಗ ಹನ್ನೊಂದು ಕೋರಿಕೆ ಕೂತಿದ್ದವಂತೆ.

ಸರಿಪಡಿಸಲು ಹತ್ತು ನಿಮಿಷ ಹಿಡಿಯಲಿಲ್ಲ. ಹುಡುಗಿಯ ಜಿಮೇಲನ್ನು ಹೆಸರು ಹಿಡಿದು ಎಡಿಟರ್ ಅಂತ ಸೇರಿಸಿದರು. ಲಿಂಕನ್ನು ‘ರಿಸ್ಟ್ರಿಕ್ಟೆಡ್’ ಮಾಡಿದರು, ಅಂದರೆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಬಾಗಿಲು. ಲ್ಯಾಪ್‌ಟಾಪ್‌ನ ಡ್ರೈವ್ ಮುಚ್ಚಿ ಮತ್ತೆ ತೆಗೆಸಿದರು. ಹುಡುಗಿ ಒಂದು ಖಾನೆಯಲ್ಲಿ ‘ನಮಸ್ಕಾರ’ ಅಂತ ಬರೆದು ಸೇವ್ ಮಾಡಿದಳು. ಸ್ವಲ್ಪ ಹೊತ್ತಿಗೆ ನನ್ನ ಮೊಬೈಲ್‌ನಲ್ಲಿ ‘ನಮಸ್ಕಾರ’ ಬಂತು. ಒಂದು ಬಟ್ಟೆ ಅಂಗಡಿಯ ಇನ್‌ಪುಟ್ ತೆರಿಗೆ ಕಾಲಮ್ಮಿನಲ್ಲಿ.

ಹೋದ ಫೈನಲ್‌ಗಳು ಸಿಗಲಿಲ್ಲ. ಫಾರ್ಮ್ಯಾಟ್ ಆದ ಮೇಲೆ ವಿಂಡೋಸ್ ಮತ್ತೆ ಹಾಕಿದ್ದರಿಂದ ಆಸೆ ಇಟ್ಟುಕೊಳ್ಳಬೇಡಿ ಅಂತ ನೇರವಾಗಿ ಹೇಳಿದರು. ಪ್ರಯತ್ನ ಪಡ್ತೀನಿ ಅಂತ ಎರಡು ಸಾವಿರ ಕೇಳಬಹುದಿತ್ತು, ಕೇಳಲಿಲ್ಲ. ಆ ‘ಬ್ಯಾಕಪ್’ ಪೆನ್‌ಡ್ರೈವ್ ತೋರಿಸಿದೆ. ಅದರಲ್ಲಿ ಎಕ್ಸೆಲ್ ಮತ್ತು ಪಿಡಿಎಫ್ ಸರಿಯಾಗಿದ್ದವು. ಗೂಗಲ್ ಶೀಟ್‌ಗಳು ಮಾತ್ರ ಒಂದೊಂದೂ 1 ಕೆಬಿ. “ಇದರೊಳಗೆ ಲೆಕ್ಕ ಇಲ್ಲ ಮೇಡಂ. ಲೆಕ್ಕ ಎಲ್ಲೈತೆ ಅಂತ ಹೇಳೋ ವಿಳಾಸದ ಚೀಟಿ ಐತೆ ಅಷ್ಟೆ” ಅಂದರು. ಗೂಗಲ್ ಶೀಟ್ ಇರುವುದು ಆನ್‌ಲೈನ್‌ನಲ್ಲೇ. ಕಂಪ್ಯೂಟರ್‌ನಲ್ಲಿ ಕಾಣುವುದು ಅದಕ್ಕೆ ಒಂದು ಕೊಂಡಿ. ನಿಜವಾದ ಪ್ರತಿ ಬೇಕಾದರೆ ಎಕ್ಸೆಲ್ ಆಗಿ ಡೌನ್‌ಲೋಡ್ ಮಾಡಿಕೊಳ್ಳಬೇಕು. ನಾನು ವರ್ಷಾನುಗಟ್ಟಲೆ ಮಾರ್ಚ್ 31ಕ್ಕೆ ಪೆನ್‌ಡ್ರೈವ್‌ಗೆ ಎಳೆದು, ಅರಿಶಿನ ಕುಂಕುಮ ಹಚ್ಚಿ ಬೀರುವಿನಲ್ಲಿ ಇಟ್ಟಿದ್ದೇನೆ. ಎಷ್ಟು ವಿಳಾಸದ ಚೀಟಿಗೆ ಪೂಜೆ ಮಾಡಿದ್ದೇನೋ.

ಆ ರಾತ್ರಿ ನಾವಿಬ್ಬರೂ ಬಿಲ್ಲುಗಳನ್ನು ಮತ್ತೆ ಹರಡಿಕೊಂಡು ಕೂತೆವು. ಹುಡುಗಿಯ ಅಮ್ಮನಿಗೆ ಫೋನ್ ಮಾಡಿ, ಅವಳನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದೆ. ಮೂರು ದಿನದ ಕೆಲಸ ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತು. ಎರಡನೇ ಸಲ ಬರೆಯುವಾಗ ಕೈ ಬೇಗ ಓಡುತ್ತದೆ. 20ಕ್ಕೆ 3ಬಿ ಎಲ್ಲ ಹೋಯಿತು, ಒಂದಕ್ಕೂ ದಂಡ ಬೀಳಲಿಲ್ಲ.

ಪಹಣಿ ಬದಲಿಸುವ ಕೆಲಸಕ್ಕೆ 23ಕ್ಕೆ ಮತ್ತೆ ಹೋದೆ. ಇದು ಬೇಡ, ನಡೀತಾ ಇದೆಯಲ್ಲ ಅಂತ ನನಗೆ ಸ್ವಲ್ಪ ಉದಾಸೀನ ಇತ್ತು. ಅವರು ಒಂದು ಮಾತು ಹೇಳಿ ಹೆದರಿಸಿದರು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಅಂತ ಗೂಗಲ್‌ನ ನಿಯಮ ಇದೆ, ಅಳಿಸುವುದು 2023ರ ಡಿಸೆಂಬರ್‌ನಿಂದ ಶುರುವಾಗಿದೆ. ಖಾತೆ ಹೋದರೆ ಅದರ ಹೆಸರಿನಲ್ಲಿರುವ ಫೈಲುಗಳೂ ಹೋಗುತ್ತವೆ. ಹಳೆ ಹುಡುಗ ಆ ಜಿಮೇಲ್ ಬಿಟ್ಟು ಎಷ್ಟು ದಿನವಾಯಿತೋ ಯಾರಿಗೆ ಗೊತ್ತು?

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆವು. ಒಳ್ಳೆ ಹುಡುಗ, ಅನುಮಾನ ಪಟ್ಟದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೆ ಅವನಿಗೆ ಪಾಸ್‌ವರ್ಡ್ ಮರೆತಿದೆ. ಹೊಸದು ಮಾಡಲು ಒಟಿಪಿ ಹಳೆ ನಂಬರಿಗೆ ಹೋಗುತ್ತದೆ. ಆ ಸಿಮ್ ಈಗ ಜಗಳೂರಿನಲ್ಲಿ ಅವರಪ್ಪನ ಮೊಬೈಲ್‌ನಲ್ಲಿದೆ. ಅಪ್ಪ ಹೊಲದಲ್ಲಿ ಮೆಕ್ಕೆಜೋಳ ಮುರಿಸುತ್ತಿದ್ದಾರೆ. ಮೂರು ಫೋನ್, ಮೂರು ಊರು. ಅವರಪ್ಪ ಕನ್ನಡಕ ಇಲ್ಲ ಅಂತ ಕೂಲಿಗೆ ಬಂದ ಯಾರದೋ ಕೈಯಲ್ಲಿ ಮಗನಿಗೆ ಆರು ಅಂಕಿ ಓದಿಸಿದರು. ಎರಡು ಸಲ ಸಮಯ ಮೀರಿತು. ಮೂರನೇ ಸಲಕ್ಕೆ ಒಳಗೆ ಹೋದ.

ಫೋಲ್ಡರ್‌ನ ಓನರ್‌ಶಿಪ್ ನನಗೆ ಕಳಿಸಿದ. ನನ್ನ ಜಿಮೇಲ್‌ಗೆ ಒಪ್ಪಿಗೆ ಕೇಳಿ ಬಂತು. ಒಪ್ಪಿಕೊಳ್ಳುವವರೆಗೆ ಪಹಣಿ ಅವನ ಹೆಸರಲ್ಲೇ ಇರುತ್ತದೆ. ಒಪ್ಪಿದೆ. ಸಿಹಿ ಹಂಚೋಣ ಅಂದುಕೊಂಡರೆ, “ತಡೀರಿ, ಈಗ ಬಂದಿದ್ದು ಬರೀ ಬೇಲಿ” ಅಂದರು. ಫೋಲ್ಡರ್ ಕೈ ಬದಲಾದರೆ ಒಳಗಿನ ಫೈಲುಗಳು ತಾವಾಗಿಯೇ ಬರುವುದಿಲ್ಲ. ಒಂದೊಂದು ಫೈಲಿಗೂ ಬೇರೆ ಬೇರೆ ಓನರ್. ಅವನು ಮಾಡಿದ್ದು ಅವನದು, ನಾನು ಹಾಕಿದ್ದು ನನ್ನದು. ನಾನು ಅವನ ಫೋಲ್ಡರ್‌ಗೆ ಹಾಕಿದರೂ ಜಾಗ ತಿನ್ನುವುದು ನನ್ನ 15 ಜಿಬಿಯಲ್ಲೇ. “ಇಲ್ಲಿ ಪಹಣಿ ಲೆಕ್ಕ ಸ್ವಲ್ಪ ತಪ್ತದೆ ಮೇಡಂ. ಹೊಲ ಅವರದು, ತೆಂಗಿನ ಗಿಡ ನಿಮ್ದು ಅನ್ನೋ ಹಂಗೆ” ಅಂತ ತಾವೇ ಒಪ್ಪಿಕೊಂಡರು.

ಅವನ ಹೆಸರಿನ ಫೈಲು ನೂರಾರು. ಈ ವರ್ಷದ್ದನ್ನು ಅವನ ಕೈಯಲ್ಲೇ ಆರಿಸಿ ವರ್ಗ ಮಾಡಿಸಿದೆವು. ಹಳೆ ವರ್ಷದ ಶೀಟ್‌ಗಳನ್ನು ನಾನೇ ಒಟ್ಟಿಗೆ ಆರಿಸಿ ಕಾಪಿ ಮಾಡಿಕೊಂಡೆ. ಕಾಪಿ ಮಾಡಿದವರೇ ಅದರ ಓನರ್. ಆದರೆ ಹಳೆಯದರಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನುವ ಇತಿಹಾಸ ಕಾಪಿಗೆ ಬರುವುದಿಲ್ಲ. ಲೆಕ್ಕದ ಆಫೀಸಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಮೂಲವನ್ನು ಅಳಿಸಬೇಡ ಅಂತ ಹುಡುಗನಿಗೆ ಹೇಳಿದ್ದೇನೆ, ಖಾತೆಯನ್ನು ಆಗಾಗ ತೆಗೆದು ನೋಡು ಅಂತಲೂ. ಇದೆಲ್ಲ ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ ನಡೆಯಿತು. ನಡುವೆ ಮೂರು ಸಲ ಟೀ, ಅವರ ಖರ್ಚಿನಲ್ಲೇ.

ಕೊನೆಯಲ್ಲಿ ಶೇರ್ ಕಿಟಕಿಯ ಮೇಲಿನ ಚಕ್ರದ ಗುರುತು ಒತ್ತಿ ಒಂದು ಟಿಕ್ ತೆಗೆಸಿದರು. ಎಡಿಟರ್ ಆದವರು ಇನ್ನೊಬ್ಬರಿಗೆ ಹಂಚಬಹುದು, ಹಕ್ಕು ಬದಲಿಸಬಹುದು ಅನ್ನುವ ಟಿಕ್. ಅದು ಮೊದಲಿಂದಲೇ ಇರುತ್ತದೆ. 13ರ ರಾತ್ರಿ ಎಡಿಟರ್ ಆಗಿದ್ದ ನಾನು ಬಾಗಿಲು ತಿದ್ದಲು ಆದದ್ದು ಅದರಿಂದಲೇ.

ದೊಡ್ಡ ಆಫೀಸಾದರೆ ಗೂಗಲ್ ವರ್ಕ್‌ಸ್ಪೇಸ್‌ನ ಶೇರ್ಡ್ ಡ್ರೈವ್ ತೆಗೆದುಕೊಳ್ಳಿ ಅಂದರು. ಅಲ್ಲಿ ಫೈಲು ಯಾವ ಒಬ್ಬರದೂ ಅಲ್ಲ, ಸಂಸ್ಥೆಯದು. ಹುಡುಗರು ಬಂದರೂ ಹೋದರೂ ಫೈಲು ಅಲ್ಲೇ. ಮಾಮೂಲಿ ಜಿಮೇಲ್‌ಗೆ ಅದು ಸಿಗುವುದಿಲ್ಲ, ದುಡ್ಡು ಕೊಡಬೇಕು. ನಾವು ಮೂರೇ ಜನ, ನಾನಿನ್ನೂ ಯೋಚಿಸುತ್ತಿದ್ದೇನೆ. ಮಾರಲೇಬೇಕು ಅಂತ ಅವರೂ ಹಿಂದೆ ಬೀಳಲಿಲ್ಲ.

ದುಡ್ಡಿನ ವಿಷಯ. ಮೊದಲ ದಿನ 300, ಎರಡನೇ ದಿನ 500. ಬಿಲ್ ಕೇಳಿದೆ. ಹಳೆ ಮದುವೆ ಕಾರ್ಡಿನ ಹಿಂದೆ ಬರೆದು ಸಹಿ ಹಾಕಿ ಕೊಟ್ಟರು. ಜಿಎಸ್‌ಟಿ ನಂಬರ್ ಇರಲಿಲ್ಲ. ಸೇವೆಯವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಇಲ್ಲ, ಹಾಗಾಗಿ ತಪ್ಪೇನಿಲ್ಲ. ನಾನು ಕೇಳಿದ್ದು ಅಭ್ಯಾಸಬಲ.

ಆಮೇಲಿನ ಸೇವೆಯೂ ಚೆನ್ನಾಗಿದೆ. ಜನವರಿಯಲ್ಲಿ ಒಂದು ಅಡಿಕೆ ವ್ಯಾಪಾರಿಯ ಫೋಲ್ಡರೇ ಹುಡುಗಿಯ ಕಡೆ ಮಾಯ. ನನ್ನ ಕಡೆ ಇದೆ. ಫೋನ್ ಮಾಡಿದೆ. “ಎಲ್ಲಿಗಾದ್ರೂ ಎಳೆದ್ರಾ?” ಅಂದರು. ಎಳೆದಿದ್ದೆ. ಲೆಕ್ಕ ಮುಗಿಯಿತು ಅಂತ, ಹಂಚಿದ ಫೋಲ್ಡರ್‌ನಿಂದ ನನ್ನ ಸ್ವಂತ ‘ಮುಗಿದದ್ದು’ ಫೋಲ್ಡರ್‌ಗೆ ಎಳೆದು ಹಾಕಿದ್ದೆ. ಮೇಲಿನ ಫೋಲ್ಡರ್‌ನಿಂದ ಬಂದ ಹಕ್ಕು ಆ ಫೋಲ್ಡರ್‌ನಲ್ಲಿ ಇರುವಷ್ಟು ದಿನ ಮಾತ್ರ. ವಾಪಸ್ ಎಳೆದೆ, ಅವಳಿಗೆ ಕಾಣಿಸಿತು. ಎರಡು ನಿಮಿಷದ ಮಾತು, ದುಡ್ಡು ಕೇಳಲಿಲ್ಲ.

ಇನ್ನೊಮ್ಮೆ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಅಳಿಯ ತಮ್ಮ ಕಂಪನಿಯ ಶೇರ್‌ಪಾಯಿಂಟ್ ಫೋಲ್ಡರ್ ಹಂಚಿದರು. ಅದು ಕಂಪನಿಗಳು ಫೈಲು ಹಂಚಿಕೊಳ್ಳುವ ಮೈಕ್ರೋಸಾಫ್ಟ್‌ನ ಜಾಗ. ಅದನ್ನು ಮೈಕ್ರೋಸಾಫ್ಟ್‌ನದೇ ಸಿಂಕ್ ಆ್ಯಪ್ ಒನ್‌ಡ್ರೈವ್‌ನಿಂದ ಇಳಿಸಿಕೊಂಡರೆ ಪ್ರತಿ ಫೈಲಿನ ಮೇಲೂ ಒಂದು ಬೀಗದ ಚಿತ್ರ. ನನಗೆ ಎಡಿಟ್ ಹಕ್ಕು ಕೊಟ್ಟಿದ್ದೇವೆ ಅಂತ ಅವರು ಆಣೆ ಮಾಡುತ್ತಾರೆ. ಬ್ರೌಸರ್‌ನಲ್ಲಿ ಬರೆಯಲೂ ಆಗುತ್ತದೆ. ಹಾಗಾದರೆ ಇದು ಸಿಂಕ್ ತಕರಾರೇ ಅಲ್ವಾ ಅಂತ ಜಂಬದಿಂದ ಕೇಳಿದೆ. ಪೂರ್ತಿ ಸರಿಯಲ್ಲ ಅಂದರು. ಅಲ್ಲಿ ಫೈಲನ್ನು ತಿದ್ದುವ ಮೊದಲು ‘ಚೆಕ್ ಔಟ್’ ಮಾಡಲೇಬೇಕು, ಅಂದರೆ ಬೇರೆಯವರು ತಿದ್ದದ ಹಾಗೆ ತಮ್ಮ ಹೆಸರಿಗೆ ಹಿಡಿದಿಟ್ಟುಕೊಳ್ಳಲೇಬೇಕು ಅಂತ ನಿಯಮ ಇಟ್ಟಿದ್ದರೆ, ಅಥವಾ ಯಾವುದೋ ಕಾಲಂ ತುಂಬುವುದು ಕಡ್ಡಾಯ ಅಂತ ಮಾಡಿದ್ದರೆ, ಹಕ್ಕಿದ್ದವರಿಗೂ ಕಂಪ್ಯೂಟರ್‌ನಲ್ಲಿ ಓದಲು ಮಾತ್ರ ಇಳಿಯುತ್ತದೆ, ಬೀಗ ಕಾಣುತ್ತದೆ. ಅಳಿಯನನ್ನು ಕೇಳಿಸಿದೆ. ಎರಡನೆಯದೇ ಆಗಿತ್ತು. ‘ವಿಭಾಗ’ ಅನ್ನುವ ಕಾಲಂ ಕಡ್ಡಾಯ. ತೆಗೆದರು, ಬೀಗ ಹೋಯಿತು.

ಕೊರತೆ ಹೇಳದಿದ್ದರೆ ವಿಮರ್ಶೆ ಆಗುವುದಿಲ್ಲ. ಫೋನ್ ಮೂರು ಸಲ ಮಾಡಿದರೆ ಒಂದು ಸಲ ಎತ್ತುತ್ತಾರೆ. ಕೂರಲು ಎರಡೇ ಕುರ್ಚಿ, ಒಂದರ ಮೇಲೆ ಯಾವಾಗಲೂ ಯಾರದೋ ಪ್ರಿಂಟರ್ ಕೂತಿರುತ್ತದೆ. ಹಳೆ ಬೈಕ್‌ಗಳ ಬಗ್ಗೆ ಮಾತು ತೆಗೆದರೆ ನಿಲ್ಲಿಸುವುದಿಲ್ಲ, ಆ ಐದು ಗಂಟೆಯಲ್ಲಿ ಒಂದು ಗಂಟೆ ಬೈಕಿಗೇ ಹೋಯಿತು. ಅಮಾವಾಸ್ಯೆ ದಿನ ಪೂಜೆ ಮುಗಿಯುವವರೆಗೆ ಯಾವ ಮಷಿನ್ನೂ ಮುಟ್ಟುವುದಿಲ್ಲ. ಅಮಾವಾಸ್ಯೆ 20ನೇ ತಾರೀಖೇ ಬಂದರೆ ಏನು ಮಾಡೋದು ಅಂತ ಕೇಳಿದ್ದೇನೆ. ನಕ್ಕರು, ಉತ್ತರ ಕೊಡಲಿಲ್ಲ.

ಹೋಗುವವರು 11ರ ಮೇಲೆ ಹೋಗಿ. ಆ ಫೋಲ್ಡರ್ ಬಳಸುವವರನ್ನೆಲ್ಲ ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು, ಇಲ್ಲದಿದ್ದರೆ ಅವರೇ ಫೋನ್ ಮಾಡಿ ಕರೆಸುತ್ತಾರೆ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ. ಒಟಿಪಿ ಬರುವ ಸಿಮ್ ಯಾರ ಹತ್ತಿರ ಇದೆ ಅಂತ ಮನೆಯಲ್ಲೇ ಕೇಳಿಕೊಂಡು ಹೊರಡಿ. ಮೆಟ್ಟಿಲು ಒಟ್ಟು ಇಪ್ಪತ್ಮೂರು, ಕೈಹಿಡಿ ಎಡಗಡೆ ಮಾತ್ರ ಇದೆ.